ಕಂಬ ಗುಡಿಯದು, ಗೋಡೆ ಚರ್ಚಿನದು

ಇಟಲಿಯ ಸಿಸಿಲಿ ದ್ವೀಪದ ಆಗ್ನೇಯ ತೀರದಲ್ಲಿ ಒರ್ತೀಜಾ ಎಂಬ ಪುಟ್ಟ ಊರಿದೆ. ಅಲ್ಲಿನ ಮುಖ್ಯ ಚರ್ಚಿನ ಮಗ್ಗುಲಿಗೆ ವಿಯಾ ಮಿನೆರ್ವಾ ಎಂಬ ಕಿರುರಸ್ತೆ. ಅಲ್ಲಿ ನಿಂತು ಚರ್ಚಿನ ಗೋಡೆ ನೋಡಿದರೆ ಗೋಡೆಯಲ್ಲಿ ಅರ್ಧ ಹುದುಗಿದ ಭಾರೀ ಕಂಬಗಳು ಸಾಲಾಗಿ ಕಾಣುತ್ತವೆ. ಉದ್ದುದ್ದ ಗೀರು ಕೊರೆದ, ಬುಡದಲ್ಲಿ ದಪ್ಪಗಿದ್ದು ಮೇಲೇರಿದಂತೆ ಸಣ್ಣಗಾಗುವ ಈ ಕಂಬಗಳು ಚರ್ಚಿನವರು ನಿಲ್ಲಿಸಿದವಲ್ಲ. ಕ್ರಿಸ್ತ ಹುಟ್ಟುವುದಕ್ಕೆ ಐದು ಶತಮಾನ ಮೊದಲು ಗ್ರೀಕರು ತಮ್ಮ ದೇವಿ ಅಥೇನಾಗೆ ಕಟ್ಟಿದ ಗುಡಿಯವು. ಏಳನೆಯ ಶತಮಾನದ ಕ್ರೈಸ್ತರು ಆ ಗುಡಿಯನ್ನು ಕೆಡವಲಿಲ್ಲ. ಕಂಬಗಳ ನಡುವಿನ ಸಂದಿಗೆ ಕಲ್ಲು ತುಂಬಿ ಹೊರಗೋಡೆ ಮಾಡಿಕೊಂಡರು, ಗರ್ಭಗುಡಿಯ ಎರಡೂ ಬದಿಯ ಗೋಡೆಗಳಲ್ಲಿ ಎಂಟೆಂಟು ಕಮಾನು ಕೊರೆದು ಒಳಾಂಗಣ ಮಾಡಿಕೊಂಡರು. ಅರಬ್ಬರ ಕಾಲದಲ್ಲಿ ಅದೇ ಕಟ್ಟಡ ಮಸೀದಿಯಾಯಿತು, ನಾರ್ಮನ್ನರು ಬಂದಾಗ ಮತ್ತೆ ಚರ್ಚಾಯಿತು. ಇಂದಿಗೂ ಅಲ್ಲಿ ಪೂಜೆ ನಡೆಯುತ್ತದೆ. ದೇವರುಗಳು ಬದಲಾದರು, ಕೈಮುಗಿಯುವ ಜಾಗ ಬದಲಾಗಲಿಲ್ಲ.

ಮೆಡಿಟರೇನಿಯನ್ ದ್ವೀಪಗಳಲ್ಲಿ ಹಳೆಯ ಊರುಗಳಿಗೆ ಬರವಿಲ್ಲ. ಆದರೆ ಬಳಕೆಯಲ್ಲಿದ್ದದ್ದು ಉಳಿಯುತ್ತದೆ, ಬಳಕೆ ತಪ್ಪಿದ್ದು ಮಣ್ಣಾಗುತ್ತದೆ ಎಂಬುದನ್ನು ಒರ್ತೀಜಾದಷ್ಟು ಸ್ಪಷ್ಟವಾಗಿ ಕಲ್ಲಿನಲ್ಲಿ ತೋರಿಸುವ ಊರುಗಳು ವಿರಳ.

ಸೇತುವೆ ದಾಟಿದೊಡನೆ

ಒರ್ತೀಜಾ ಸಿರಾಕೂಸಾ ನಗರದ ಮೂಲ ಊರು. ನಮ್ಮ ಪಠ್ಯಪುಸ್ತಕಗಳು ಸಿರಾಕ್ಯೂಸ್ ಎಂದು ಬರೆಯುವುದು ಈ ನಗರವನ್ನೇ. ಈ ಪುಟ್ಟ ನಡುಗಡ್ಡೆಗೂ ಸಿಸಿಲಿಯ ನೆಲಕ್ಕೂ ನಡುವೆ ಇರುವುದು ಕಿರಿದಾದ ನೀರಿನ ಕಾಲುವೆ, ಅದರ ಮೇಲೆ ಸೇತುವೆಗಳು. ಪಶ್ಚಿಮಕ್ಕೆ ವಿಶಾಲವಾದ ಸಹಜ ಬಂದರು, ಪೂರ್ವಕ್ಕೆ ಅಯೋನಿಯನ್ ಸಮುದ್ರ. ಆಕಾಶ ತಿಳಿಯಾಗಿದ್ದರೆ ಉತ್ತರದಲ್ಲಿ ಎಟ್ನಾ ಅಗ್ನಿಪರ್ವತದ ನೆತ್ತಿ ಕಾಣುತ್ತದೆ.

ಕುಡಿಯಲು ಸಿಹಿನೀರು, ಹಡಗಿಗೆ ಆಸರೆ, ಶತ್ರು ಬಂದರೆ ಕಾಯಲು ಸುಲಭವಾದ ನೆಲ: ಇಷ್ಟನ್ನೂ ಒಂದೇ ಕಡೆ ಕಂಡ ಗ್ರೀಸಿನ ಕೊರಿಂಥ್ ನಗರದವರು ಕ್ರಿ.ಪೂ. 733ರ ಸುಮಾರಿಗೆ ಆರ್ಕಿಯಸ್ ಎಂಬವನ ಮುಂದಾಳತ್ವದಲ್ಲಿ ಇಲ್ಲಿ ನೆಲೆಯೂರಿದರು. ಮುಂದಿನ ಮುನ್ನೂರು ವರ್ಷಗಳಲ್ಲಿ ವಲಸಿಗರ ಈ ಊರು ಅಥೆನ್ಸಿಗೆ ಸರಿಸಾಟಿಯಾಗಿ ಬೆಳೆಯಿತು. ಗ್ರೀಕ್ ನಗರಗಳಲ್ಲೆಲ್ಲ ಅತಿ ದೊಡ್ಡದು, ಅತಿ ಚೆಲುವಾದದ್ದು ಇದೇ ಎಂದು ರೋಮಿನ ವಾಗ್ಮಿ ಸಿಸೆರೊ ಹೊಗಳಿದ್ದಾನೆ.

ಸೇತುವೆ ದಾಟಿ ಸ್ವಲ್ಪ ನಡೆದರೆ ಅಪೋಲೊ ಗುಡಿಯ ಅವಶೇಷ. ಕ್ರಿ.ಪೂ. ಆರನೆಯ ಶತಮಾನದ ಆರಂಭದ ಈ ಗುಡಿ ಸಿಸಿಲಿಯ ಅತಿ ಹಳೆಯ ಕಲ್ಲುಗುಡಿಗಳಲ್ಲೊಂದು. ಅದರ ಕಂಬಗಳು ಏಕಶಿಲೆಯವು. ಮೆಟ್ಟಿಲ ಕಲ್ಲಿನ ಮೇಲೆ, ಇದನ್ನು ಮಾಡಿದವನು ಕ್ಲೆಯೊಮೆನೆಸ್ ಎಂಬ ಬರಹವಿದೆ. ಇದೂ ಚರ್ಚಾಗಿ, ಮಸೀದಿಯಾಗಿ, ಮತ್ತೆ ಚರ್ಚಾಗಿ, ಕೊನೆಗೆ ಸ್ಪೇನಿನವರ ಆಳ್ವಿಕೆಯಲ್ಲಿ ಸೈನಿಕರ ವಸತಿಯಾಯಿತು. ಆಮೇಲೆ ಯಾರಿಗೂ ಬೇಡವಾಗಿ ಬೇರೆ ಕಟ್ಟಡಗಳ ನಡುವೆ ಹೂತುಹೋಯಿತು. 1938ರಿಂದ 1942ರವರೆಗೆ ಉತ್ಖನನ ನಡೆಸಿ ಅದನ್ನು ಬಿಡಿಸಬೇಕಾಯಿತು. ಇಂದು ಕಂಬಿಬೇಲಿಯ ಆಚೆ ನಿಂತು ನೋಡುವ ಕೆಲವು ಕಂಬ, ಒಂದು ಗೋಡೆ ಅಷ್ಟೇ ಉಳಿದಿದೆ. ಒಂದೇ ಊರಿನ ಎರಡು ಗುಡಿಗಳಲ್ಲಿ ಅಥೇನಾಳದು ಸೂರು ಸಮೇತ ನಿಂತಿದೆ, ಅಪೋಲೊನದು ಬಯಲಾಗಿದೆ.

ಬೇಲಿಯ ಪಕ್ಕದಲ್ಲೇ ಬೆಳಗಿನ ಸಂತೆ. ಕತ್ತಿಮೀನು, ಟ್ಯೂನಾ, ಬೂತಾಯಿ, ಮುಳ್ಳು ಮುಳ್ಳಾದ ಕಡಲ ಜೀವಿಗಳು, ಪಕಿನೊದ ಟೊಮೆಟೊ, ಸಿರಾಕೂಸಾದ ನಿಂಬೆ, ಆವೊಲಾದ ಬಾದಾಮಿ. ವ್ಯಾಪಾರಿಗಳು ರಾಗವಾಗಿ ಕೂಗುತ್ತಾರೆ. ಗಿರಾಕಿಗಳಲ್ಲಿ ಊರಿನ ಅಜ್ಜಿಯರೂ ಇದ್ದಾರೆ, ಕ್ಯಾಮೆರಾ ಹಿಡಿದ ಪ್ರವಾಸಿಗರೂ ಇದ್ದಾರೆ.

ಉಪ್ಪುನೀರಿನ ಅಂಚಿಗೆ ಸಿಹಿನೀರು

ಪಶ್ಚಿಮ ದಂಡೆಯಲ್ಲಿ, ಕಡಲಿನಿಂದ ಕೆಲವೇ ಹೆಜ್ಜೆ ದೂರದಲ್ಲಿ ಅರೆತೂಸಾ ಚಿಲುಮೆ ಇದೆ. ದುಂಡಗಿನ ಕಲ್ಲಿನ ಕಟ್ಟೆಯೊಳಗೆ ತಿಳಿನೀರು, ಅದರಲ್ಲಿ ಮೀನು, ಬಾತುಕೋಳಿ, ನಡುವೆ ಪೊದೆಯಾಗಿ ಬೆಳೆದ ಪಪೈರಸ್ ಜೊಂಡು. ಕಟ್ಟೆಯ ಆಚೆಗೆ ಉಪ್ಪುನೀರು.

ಗ್ರೀಸಿನಲ್ಲಿ ಅರೆತೂಸಾ ಎಂಬ ಅಪ್ಸರೆಯನ್ನು ಆಲ್ಫಿಯಸ್ ನದಿದೇವ ಮೋಹಿಸಿ ಬೆನ್ನಟ್ಟಿದನಂತೆ. ಆರ್ಟೆಮಿಸ್ ದೇವಿ ಅವಳನ್ನು ಕಾಪಾಡಲು ನೀರಾಗಿಸಿದಳು. ನೀರಾದ ಅರೆತೂಸಾ ಸಮುದ್ರದಡಿ ಹರಿದು ಒರ್ತೀಜಾದಲ್ಲಿ ಚಿಮ್ಮಿದಳು, ಆಲ್ಫಿಯಸ್ ಅಲ್ಲಿಗೂ ಹರಿದು ಬಂದು ಸೇರಿದ ಎನ್ನುತ್ತದೆ ಪುರಾಣ. ತೊರೆದು ಬಂದ ನಾಡಿಗೂ ಹೊಸ ನೆಲೆಗೂ ನೀರಿನ ನಂಟು ಕಟ್ಟಿದ ಈ ಕಥೆ ಕಡಲಾಚೆಯಿಂದ ಬಂದ ಜನಕ್ಕೆ ಎಷ್ಟು ಆಪ್ತವಾಗಿತ್ತು ಎಂಬುದಕ್ಕೆ ಅವರ ನಾಣ್ಯಗಳೇ ಸಾಕ್ಷಿ. ಕಿಮೊನ್, ಯುವೈನೆಟೊಸ್ ಎಂಬ ಕುಶಲಿಗಳು ಕೆತ್ತಿದ ಸಿರಾಕೂಸಾದ ಬೆಳ್ಳಿ ನಾಣ್ಯಗಳಲ್ಲಿ ಅರೆತೂಸಾಳ ಮುಖ, ಸುತ್ತ ಡಾಲ್ಫಿನ್‌ಗಳು. ಪ್ರಾಚೀನ ಜಗತ್ತಿನ ಅತಿ ಸುಂದರ ನಾಣ್ಯಗಳ ಸಾಲಿನಲ್ಲಿ ಇವಕ್ಕೆ ಜಾಗವಿದೆ. ನೀರಿಗಾಗಿ ಇಲ್ಲಿಗೆ ಬಂದವರು ಗ್ರೀಕರಷ್ಟೇ ಅಲ್ಲ. 1798ರ ಜುಲೈಯಲ್ಲಿ ನೆಪೋಲಿಯನ್ನನ ನೌಕಾಪಡೆಯನ್ನು ಹುಡುಕುತ್ತಿದ್ದ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ತನ್ನ ಹಡಗುಗಳಿಗೆ ನೀರು, ದಿನಸಿ ತುಂಬಿಸಿಕೊಂಡದ್ದು ಸಿರಾಕೂಸಾದಲ್ಲಿ. ಮುಂದಿನ ತಿಂಗಳು ಅವನು ನೈಲ್ ಕದನ ಗೆದ್ದ.

ಪಪೈರಸ್ ಬರಿಯ ಅಲಂಕಾರವಲ್ಲ. ಹತ್ತಿರದ ಚಿಯಾನೆ ನದಿಯ ದಡದಲ್ಲೂ ಇದು ಬೆಳೆಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿನ ವಿದ್ವಾಂಸ ಸವೇರಿಯೊ ಲಾಂಡೊಲಿನಾ, ರೋಮಿನ ಪ್ಲಿನಿ ಬರೆದಿಟ್ಟ ವಿವರಣೆ ಹಿಡಿದು, ಮರೆತುಹೋಗಿದ್ದ ಪಪೈರಸ್ ಕಾಗದದ ತಯಾರಿಕೆಯನ್ನು ಮತ್ತೆ ಮಾಡಿ ತೋರಿಸಿದ. ಊರಿನಲ್ಲಿ ಪಪೈರಸ್ ವಸ್ತುಸಂಗ್ರಹಾಲಯವೂ ಇದೆ.

ನಡುಗಿದ ನೆಲ, ಎದ್ದ ಊರು

ಒರ್ತೀಜಾದ ಎದೆ ಎಂದರೆ ಪಿಯಾಜಾ ದುವೊಮೊ, ಅಂದರೆ ಮುಖ್ಯ ಚರ್ಚಿನ ಮುಂದಿನ ಚೌಕ. ಉದ್ದಕ್ಕೆ ಬಾಗಿದ ಚೌಕದ ನೆಲವೂ ಕಟ್ಟಡಗಳೂ ತಿಳಿಬಣ್ಣದ ಸುಣ್ಣಕಲ್ಲಿನವು. ಬಿಸಿಲು ಬಿದ್ದಾಗ ಕಣ್ಣು ಕೋರೈಸುತ್ತದೆ, ಸಂಜೆ ಅದೇ ಕಲ್ಲು ಜೇನುಬಣ್ಣಕ್ಕೆ ತಿರುಗುತ್ತದೆ.

ಈ ಚೆಲುವಿನ ಹಿಂದೆ ದೊಡ್ಡ ದುರಂತವಿದೆ. 1693ರ ಜನವರಿ 11ರ ಭೂಕಂಪ ಆಗ್ನೇಯ ಸಿಸಿಲಿಯನ್ನು ನೆಲಕ್ಕೆ ಕೆಡವಿತು. ಸತ್ತವರು ಸುಮಾರು 60 ಸಾವಿರ. ಚರ್ಚಿನ ಮುಂಭಾಗ ಬಿತ್ತು, ಗ್ರೀಕರ ಕಂಬಗಳು ನಿಂತವು. ಆಂದ್ರೆಯಾ ಪಾಲ್ಮಾ ಎಂಬ ವಾಸ್ತುಶಿಲ್ಪಿ ರೂಪಿಸಿದ ಹೊಸ ಮುಂಭಾಗದ ಕೆಲಸ 1720ರ ದಶಕದಲ್ಲಿ ಶುರುವಾಯಿತು, ಸುಮಾರು ಕಾಲು ಶತಮಾನ ಹಿಡಿಯಿತು. ಬಾರೋಕ್ ಶೈಲಿಯ ಬಾಗು ಬಳುಕು, ಆಳ ನೆರಳು, ಸಂತರ ಪ್ರತಿಮೆಗಳು ತುಂಬಿದ ಈ ಮುಂಭಾಗ ದಾಟಿ ಒಳಗೆ ಹೋದರೆ ಅಬ್ಬರವೆಲ್ಲ ಇಳಿದು, ಎರಡೂವರೆ ಸಾವಿರ ವರ್ಷದ ಸಾದಾ ಡೋರಿಕ್ ಕಂಬಗಳು ಎದುರಾಗುತ್ತವೆ. ಅವುಗಳ ಮೇಲೆ ಅಂಗೈ ಇಟ್ಟು ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಚೌಕದ ನೆಲದಡಿ ಬಂಡೆ ಕೊರೆದ ಸುರಂಗಗಳಿವೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿದ ಜನ ಅಡಗಿದ್ದು ಅಲ್ಲೇ. 1943ರ ಜುಲೈ 10ರಂದು ಮಿತ್ರಪಡೆಗಳು ಸಿಸಿಲಿಯ ತೀರಕ್ಕಿಳಿದಾಗ, ಅಂದು ರಾತ್ರಿಯೊಳಗೆ ಸಿರಾಕೂಸಾ ಬ್ರಿಟಿಷರ ಕೈಸೇರಿತ್ತು.

ಆರ್ಕಿಮಿಡೀಸನ ನೆಲ, ಸೆರೆಯಾಳುಗಳ ಕ್ವಾರಿ

ದ್ರವದಲ್ಲಿ ಮುಳುಗಿದ ವಸ್ತುವಿನ ಮೇಲೆ ಕೆಲಸ ಮಾಡುವ ಬಲದ ಬಗ್ಗೆ ಕರ್ನಾಟಕದ ಹೈಸ್ಕೂಲು ಮಕ್ಕಳು ಓದುವ ಸೂತ್ರ ಕೊಟ್ಟ ಆರ್ಕಿಮಿಡೀಸ್ ಈ ಊರಿನವನು. ಕ್ರಿ.ಪೂ. 213ರಲ್ಲಿ ರೋಮಿನ ಸೇನಾನಿ ಮಾರ್ಸೆಲಸ್ ಸಿರಾಕೂಸಾಕ್ಕೆ ಮುತ್ತಿಗೆ ಹಾಕಿದಾಗ, ಆರ್ಕಿಮಿಡೀಸನ ಕವಣೆಯಂತ್ರಗಳು, ಹಡಗನ್ನು ಹಿಡಿದೆತ್ತಿ ಕುಕ್ಕುವ ಕಬ್ಬಿಣದ ಕೊಕ್ಕೆಗಳು ರೋಮನ್ನರನ್ನು ತಿಂಗಳುಗಟ್ಟಲೆ ತಡೆದವು. ಕ್ರಿ.ಪೂ. 212ರಲ್ಲಿ ನಗರ ಬಿದ್ದಾಗ ಒಬ್ಬ ರೋಮನ್ ಸೈನಿಕ ಅವನನ್ನು ಕೊಂದ. ಸುಮಾರು 137 ವರ್ಷಗಳ ನಂತರ ಅಧಿಕಾರಿಯಾಗಿ ಸಿಸಿಲಿಗೆ ಬಂದ ಸಿಸೆರೊ, ಮುಳ್ಳುಪೊದೆಗಳ ನಡುವೆ ಗೋಳ ಮತ್ತು ಸಿಲಿಂಡರ್ ಕೆತ್ತಿದ ಸಣ್ಣ ಸ್ತಂಭ ಕಂಡು ಅದೇ ಆರ್ಕಿಮಿಡೀಸನ ಸಮಾಧಿ ಎಂದು ಗುರುತಿಸಿದ. ಊರಿನವರೇ ಅದನ್ನು ಮರೆತಿದ್ದರು. ಇಂದು ಆ ಸಮಾಧಿಯ ಜಾಗ ಗೊತ್ತಿಲ್ಲ, ಒರ್ತೀಜಾದ ನಡುಮಧ್ಯದ ಒಂದು ಚೌಕಕ್ಕೆ ಅವನ ಹೆಸರಿದೆ.

ಸೇತುವೆಯ ಆಚೆ, ಹೊಸ ನಗರದ ಅಂಚಿನ ನೆಯಾಪೊಲಿಸ್ ಪ್ರದೇಶದಲ್ಲಿ ಗ್ರೀಕರ ಕಲ್ಲುಕ್ವಾರಿಗಳಿವೆ. ಗುಡಿ, ಕೋಟೆಗಳಿಗೆ ಕಲ್ಲು ಒದಗಿಸಿದ ಈ ಆಳವಾದ ಹೊಂಡಗಳಲ್ಲಿ ಈಗ ನಿಂಬೆ, ಕಿತ್ತಳೆ ಗಿಡಗಳು. ಸುಮಾರು 23 ಮೀಟರ್ ಎತ್ತರದ, 65 ಮೀಟರ್ ಒಳಕ್ಕೆ ಹೋಗುವ ಒಂದು ಗುಹೆಯಲ್ಲಿ ಪಿಸುಮಾತೂ ಗುಂಯ್‌ಗುಟ್ಟುತ್ತದೆ. ಅದಕ್ಕೆ ಸಿರಾಕೂಸಾದ ಹಳೆಯ ಸರ್ವಾಧಿಕಾರಿಯ ಹೆಸರಿನಿಂದ ಡಯನೀಸಿಯಸ್‌ನ ಕಿವಿ ಎಂದು ಹೆಸರಿಟ್ಟವನು 1608ರಲ್ಲಿ ಇಲ್ಲಿಗೆ ಬಂದಿದ್ದ ಚಿತ್ರಕಾರ ಕರವಾಜೊ ಎನ್ನುತ್ತಾರೆ.

ಕ್ವಾರಿಗಳಿಗೆ ಇನ್ನೊಂದು ಕರಾಳ ನೆನಪಿದೆ. ಕ್ರಿ.ಪೂ. 415ರಲ್ಲಿ ಸಿರಾಕೂಸಾ ಗೆಲ್ಲಲು ಬಂದ ಅಥೆನ್ಸಿನ ನೌಕಾಪಡೆ ಎರಡು ವರ್ಷಗಳಲ್ಲಿ ಒರ್ತೀಜಾದ ಬಂದರಿನಲ್ಲೇ ನುಚ್ಚುನೂರಾಯಿತು. ಸೆರೆಸಿಕ್ಕ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಈ ಹೊಂಡಗಳಿಗೆ ದೂಡಿ, ಒಬ್ಬೊಬ್ಬರಿಗೆ ದಿನಕ್ಕೆ ಕಾಲು ಲೀಟರಿನಷ್ಟು ನೀರು ಕೊಟ್ಟರೆಂದು ಇತಿಹಾಸಕಾರ ಥುಸಿಡೈಡಿಸ್ ಬರೆದಿದ್ದಾನೆ. ಅಥೆನ್ಸಿನವನೇ ಆದ ಯೂರಿಪಿಡಿಸ್‌ನ ನಾಟಕದ ಸಾಲುಗಳನ್ನು ಬಾಯಿಪಾಠ ಹೇಳಬಲ್ಲ ಕೆಲವರು ಅದರಿಂದಲೇ ಬಿಡುಗಡೆ ಪಡೆದರು ಎಂಬುದು ಪ್ಲುಟಾರ್ಕ್ ದಾಖಲಿಸಿದ ಮಾತು. ಶತ್ರುವಿನ ನಾಟಕವನ್ನೂ ಅಷ್ಟು ಹಚ್ಚಿಕೊಂಡಿದ್ದ ಊರು ಇದು.

ಕ್ವಾರಿಗಳ ಪಕ್ಕದಲ್ಲೇ ಬಂಡೆಯಲ್ಲಿ ಕೊರೆದ ಗ್ರೀಕ್ ರಂಗಮಂದಿರ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಇದರ ಕಲ್ಲು ಕಿತ್ತು ಒರ್ತೀಜಾದ ಕೋಟೆಗೆ ಸಾಗಿಸಿದರು. 1914ರಲ್ಲಿ ಎಸ್ಕಿಲಸ್‌ನ ‘ಅಗಮೆಮ್ನಾನ್’ ಆಡುವುದರೊಂದಿಗೆ ರಂಗಕ್ಕೆ ಮತ್ತೆ ಜೀವ ಬಂತು. ಈಗ ಪ್ರತಿ ಬೇಸಿಗೆ ಇಲ್ಲಿ ಗ್ರೀಕ್ ನಾಟಕಗಳು ಇಟಾಲಿಯನ್ ಭಾಷೆಯಲ್ಲಿ ನಡೆಯುತ್ತವೆ, ಸಾವಿರಾರು ಜನ ಅದೇ ಕಲ್ಲಿನ ಮೆಟ್ಟಿಲುಗಳಲ್ಲಿ ಕೂತು ನೋಡುತ್ತಾರೆ.

ಊರ ಮಗಳು ಲೂಸಿಯಾ

ಡಿಸೆಂಬರ್ 13ರಂದು ಒರ್ತೀಜಾದ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕ್ರಿ.ಶ. 304ರಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟಳೆನ್ನುವ ಸಂತ ಲೂಸಿಯಾಳ ಹಬ್ಬ ಅಂದು. ಕಣ್ಣಿನ ಕಾಯಿಲೆಯವರಿಗೆ ದಿಕ್ಕಾದ ಸಂತಳು ಆಕೆ. ಹಸಿರು ಟೊಪ್ಪಿ ತೊಟ್ಟವರು ಆಕೆಯ ಬೆಳ್ಳಿಯ ಪ್ರತಿಮೆಯನ್ನು ಹೊತ್ತು ಸೇತುವೆ ದಾಟಿ, ಬೊರ್ಗಾತಾ ಬಡಾವಣೆಯಲ್ಲಿರುವ ಆಕೆಯ ಸಮಾಧಿಯ ಚರ್ಚಿಗೆ ಒಯ್ಯುತ್ತಾರೆ. ವಾರದ ನಂತರ ಪ್ರತಿಮೆ ಊರಿಗೆ ಮರಳುತ್ತದೆ. ದಾರಿಯುದ್ದಕ್ಕೂ ‘ಸಿರಾಕೂಸಾದವಳು ಈಕೆ’ ಎಂದು ಜನ ಸಿಸಿಲಿಯನ್ ನುಡಿಯಲ್ಲಿ ಜಯಕಾರ ಹಾಕುತ್ತಾರೆ.

ಮಾಲ್ಟಾದ ಸೆರೆಮನೆಯಿಂದ ತಪ್ಪಿಸಿಕೊಂಡು ಬಂದ ಕರವಾಜೊ ಬೊರ್ಗಾತಾದ ಆ ಚರ್ಚಿಗಾಗಿ 1608ರಲ್ಲಿ ‘ಸಂತ ಲೂಸಿಯಾಳ ಸಮಾಧಿ’ ಎಂಬ ದೊಡ್ಡ ಚಿತ್ರ ಬರೆದ. ಗುಂಡಿ ತೋಡುವ ಇಬ್ಬರು ಭಾರೀ ಆಳುಗಳು ಮುಂದೆ, ಅವರ ನಡುವೆ ನೆಲದ ಮೇಲೆ ಪುಟ್ಟದಾಗಿ ಕಾಣುವ ಹುಡುಗಿ, ಮೇಲೆಲ್ಲ ಖಾಲಿ ಗೋಡೆ. ಓಡಿಬಂದವನೊಬ್ಬ ಸಾವನ್ನು ಕಂಡ ಬಗೆ ಈ ಚಿತ್ರದಲ್ಲಿದೆ.

ಹಬ್ಬದ ದಿನದ ತಿನಿಸು ಕುಚ್ಚೀಯಾ. 1646ರ ಬರಗಾಲದಲ್ಲಿ ಲೂಸಿಯಾಳಿಗೆ ಮೊರೆಯಿಟ್ಟಾಗ ಬಂದರಿಗೆ ಧಾನ್ಯದ ಹಡಗು ಬಂತೆಂದೂ, ಬೀಸುವಷ್ಟು ಪುರುಸೊತ್ತಿಲ್ಲದ ಹಸಿದ ಜನ ಇಡೀ ಗೋದಿಯನ್ನೇ ಬೇಯಿಸಿ ತಿಂದರೆಂದೂ ಹೇಳುತ್ತಾರೆ. ಬೆಂದ ಗೋದಿಗೆ ಜೇನುತುಪ್ಪವೋ ರಿಕೊಟ್ಟಾ ಚೀಸೋ ಬೆರೆಸುವ ಇದನ್ನು ನಮ್ಮ ಉತ್ತರ ಕರ್ನಾಟಕದ ಗೋದಿ ಹುಗ್ಗಿಯ ದೂರದ ನೆಂಟ ಎನ್ನಬಹುದು.

ಮುಚ್ಚಿಟ್ಟ ಕೊಳ

ಬಳಸುವವರನ್ನೇ ಹೊರಗಟ್ಟಿದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲಿ ಉತ್ತರವಿದೆ. ಪೂರ್ವ ದಂಡೆಯ ಇಕ್ಕಟ್ಟಾದ ಓಣಿಗಳ ಕೇರಿ ಜೂದೆಕ್ಕಾ. ಇಲ್ಲಿ ಶತಮಾನಗಳ ಕಾಲ ಯಹೂದಿಗಳು ಬಾಳಿದ್ದರು. 1492ರ ಸ್ಪೇನಿನ ರಾಜಾಜ್ಞೆ ಅವರನ್ನು ಸಿಸಿಲಿಯಿಂದ ಓಡಿಸಿತು. ಕಳೆದ ಶತಮಾನದ ಕೊನೆಗೆ ಒಂದು ಹಳೆಯ ಮನೆಯ ದುರಸ್ತಿ ನಡೆಯುವಾಗ, ಕಲ್ಲುಮಣ್ಣು ತುಂಬಿ ಮುಚ್ಚಿದ್ದ ಮೆಟ್ಟಿಲ ದಾರಿ ಸಿಕ್ಕಿತು. ಸುಮಾರು 18 ಮೀಟರ್ ಆಳದಲ್ಲಿ, ಬಂಡೆಯಲ್ಲಿ ಕೊರೆದ ಮಿಕ್ವೆ ಎಂಬ ಯಹೂದಿಗಳ ಶುದ್ಧಿಸ್ನಾನದ ಕೊಳಗಳು ಅಲ್ಲಿದ್ದವು. ಅವುಗಳಲ್ಲಿ ನೀರು ಇನ್ನೂ ಊರುತ್ತಲೇ ಇತ್ತು. ದೊರೆಗಳು ಜನರನ್ನು ಓಡಿಸಬಲ್ಲರು, ನೆಲದ ನೀರನ್ನು ಓಡಿಸಲಾರರು.

ಇಂಥದೇ ಆತಂಕ ಇಂದಿನ ಒರ್ತೀಜಾಕ್ಕೂ ಇದೆ. ಯುದ್ಧದ ನಂತರ ಜನ ಸೇತುವೆಯಾಚೆಯ ಹೊಸ ಬಡಾವಣೆಗಳಿಗೆ ಹೋದರು, ಹಳೆಯ ಮನೆಗಳು ಪಾಳುಬಿದ್ದವು. 1976ರಲ್ಲಿ ಸಿಸಿಲಿಯ ಪ್ರಾಂತೀಯ ಸರ್ಕಾರ ಒರ್ತೀಜಾದ ರಕ್ಷಣೆಗಾಗಿ ವಿಶೇಷ ಕಾನೂನು ತಂದಿತು, 2005ರಲ್ಲಿ ಯುನೆಸ್ಕೊ ಸಿರಾಕೂಸಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲುಗಳು ತೊಳೆದು ಹೊಳೆದವು, ಪ್ರವಾಸಿಗರು ಬಂದರು. ಈಗ ಮನೆಗಳೇ ಪ್ರವಾಸಿಗರ ಕೊಠಡಿಗಳಾಗುತ್ತಿವೆ. ಊರಿನವರಿಗೆ ಬಾಡಿಗೆ ಎಟುಕದ ಊರಿನಲ್ಲಿ ಕಟ್ಟಡಗಳು ಉಳಿದರೂ ಬಳಕೆ ಉಳಿಯುವುದಿಲ್ಲ. ಅಪೋಲೊ ಗುಡಿ ಕಲಿಸುವುದು ಇದನ್ನೇ. ಬೆಳಗಿನ ಸಂತೆ, ಡಿಸೆಂಬರಿನ ಮೆರವಣಿಗೆ, ಬೇಸಿಗೆಯಲ್ಲಿ ಬಂಡೆಗಳಿಂದ ಕಡಲಿಗೆ ಹಾರುವ ಮಕ್ಕಳು ಇರುವವರೆಗೆ ಒರ್ತೀಜಾ ಊರಾಗಿರುತ್ತದೆ. ಅದನ್ನು ಕಾಯುವ ಹೊಣೆಯಲ್ಲಿ ಅಲ್ಲಿಗೆ ಹೋಗುವ ನಮಗೂ ಪಾಲಿದೆ.

ಹೋಗುವವರಿಗೆ

ಬೆಂಗಳೂರಿನಿಂದ ರೋಮ್ ಅಥವಾ ಮಿಲಾನ್ ತಲುಪಿ, ಅಲ್ಲಿಂದ ಕತಾನಿಯಾಕ್ಕೆ ವಿಮಾನ ಹಿಡಿಯಬಹುದು. ಕತಾನಿಯಾದಿಂದ ಸಿರಾಕೂಸಾ ಸುಮಾರು 60 ಕಿ.ಮೀ., ಬಸ್ಸು, ರೈಲು ಎರಡೂ ಇವೆ. ಬಿಡುವಿದ್ದವರು ರೋಮಿನಿಂದ ನೇರ ರೈಲು ಹತ್ತಲಿ, ಮೆಸ್ಸೀನಾ ಜಲಸಂಧಿಯಲ್ಲಿ ಇಡೀ ರೈಲನ್ನೇ ಹಡಗಿಗೇರಿಸಿ ದಾಟಿಸುತ್ತಾರೆ. ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಜುಲೈ, ಆಗಸ್ಟ್ ತಿಂಗಳ ಬಿಸಿಲು ಕಟುವಾದ್ದರಿಂದ ಏಪ್ರಿಲ್–ಜೂನ್ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯದು. ನಾಟಕ ನೋಡಬೇಕೆಂದರೆ ಮೇ, ಜೂನ್. ಒರ್ತೀಜಾದಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ, ಊರು ಸುತ್ತಲು ಕಾಲೇ ಸಾಕು. ಚರ್ಚಿಗೆ ಹೋಗುವಾಗ ಹೆಗಲು ಮುಚ್ಚುವ ಬಟ್ಟೆ ಇರಲಿ. ಸಸ್ಯಾಹಾರಿಗಳು ಬದನೆಕಾಯಿಯ ಹುಳಿಸಿಹಿ ಪಲ್ಯ ಕಪೊನಾಟಾ, ಟೊಮೆಟೊ ಪಾಸ್ತಾ ತಿನ್ನಬಹುದು. ಬೆಳಗಿನ ತಿಂಡಿಗೆ ಬಾದಾಮಿಯ ಗ್ರನೀತಾ ಎಂಬ ಮಂಜಿನ ತಿನಿಸು, ಜೊತೆಗೆ ಮೆತ್ತನೆಯ ಬ್ರಿಯೋಶ್ ಬನ್ನು ಕೇಳಿ. ಸಾಧ್ಯವಾದರೆ ಬೆಳಿಗ್ಗೆ ಬಂದು ಸಂಜೆ ಹೋಗುವ ಬದಲು ಊರಿನಲ್ಲೇ ಕೆಲವು ದಿನ ತಂಗಿ, ಸಂತೆಯಲ್ಲಿ, ಊರಿನವರ ಅಂಗಡಿಗಳಲ್ಲಿ ಕೊಳ್ಳಿ. ಪ್ರವಾಸಿಗರ ದುಡ್ಡು ಊರಿನವರ ಕೈಗೆ ಸೇರಲು ಅದು ನೇರವಾದ ದಾರಿ.