ಶಸ್ತ್ರಚಿಕಿತ್ಸೆಯ ಸರದಿ: ಕೋವಿಡ್ ನಂತರದ ಇಂಗ್ಲೆಂಡ್

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ತಡವೆಂದರೆ ಏಪ್ರಿಲ್ 15ರಿಂದ ಕನಿಷ್ಠ ಮೂರು ತಿಂಗಳು ಮುಂದೂಡಬೇಕೆಂದು 2020ರ ಮಾರ್ಚ್ 17ರಂದು ತನ್ನ ಆಸ್ಪತ್ರೆಗಳಿಗೆ ಸೂಚಿಸಿತು. ಆಗ ಕೊರತೆಯಾದದ್ದು ಹಾಸಿಗೆ, ವೆಂಟಿಲೇಟರ್‌ಗಳಷ್ಟೇ ಅಲ್ಲ. ಶಸ್ತ್ರಚಿಕಿತ್ಸೆಯ ವೇಳೆ ರೋಗಿಗೆ ನೋವು ತಿಳಿಯದಂತೆ ನೋಡಿಕೊಂಡು ಅವರ ಉಸಿರಾಟವನ್ನು ಕಾಯುವ ಅರಿವಳಿಕೆ ತಜ್ಞರು ಕೋವಿಡ್ ರೋಗಿಗಳ ಆರೈಕೆಗೆ ತೀವ್ರ ನಿಗಾ ಘಟಕಗಳಿಗೆ ತೆರಳಿದ್ದರಿಂದ, ಶಸ್ತ್ರವೈದ್ಯರಿದ್ದರೂ ಆಪರೇಷನ್ ಥಿಯೇಟರ್‌ಗಳು ನಡೆಯುವಂತಿರಲಿಲ್ಲ.

ಮತ್ತೆ ಆರಂಭಿಸುವಾಗ ಎದುರಾದ ಮೊದಲ ಪ್ರಶ್ನೆ, ಯಾರನ್ನು ಮೊದಲು ಕರೆಯಬೇಕೆಂಬುದು. ಪಟ್ಟಿಗೆ ಸೇರಿದ ದಿನಾಂಕವನ್ನಷ್ಟೇ ನೋಡಿದರೆ ಕ್ಯಾನ್ಸರ್ ರೋಗಿಯ ಗೆಡ್ಡೆ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಮೂರು ದಿನದೊಳಗೆ, ಒಂದು ತಿಂಗಳೊಳಗೆ, ಮೂರು ತಿಂಗಳೊಳಗೆ, ಅದಕ್ಕೂ ಹೆಚ್ಚು ಕಾಯಬಲ್ಲವರು ಎಂದು ರೋಗಿಗಳನ್ನು ನಾಲ್ಕು ಆದ್ಯತಾ ವರ್ಗಗಳಲ್ಲಿ ವಿಂಗಡಿಸಲಾಯಿತು. ಈ ಕ್ರಮ ಅನಿವಾರ್ಯವಾಗಿತ್ತು, ಆದರೆ ಸೊಂಟದ ಕೀಲು ಸವೆದು ನಡೆಯಲಾಗದವರು ಕೊನೆಯ ವರ್ಗಗಳಲ್ಲಿ ಉಳಿದುಬಿಟ್ಟರು. ಜೀವಕ್ಕೆ ಅಪಾಯವಿಲ್ಲವೆಂದ ಮಾತ್ರಕ್ಕೆ ಅವರ ನೋವನ್ನು ಸಣ್ಣದೆನ್ನಲಾಗದು. ಸೋಂಕು ತಗುಲಿದ್ದವರ ಲೆಕ್ಕವಂತೂ ಬೇರೆಯೇ ಇತ್ತು. 116 ದೇಶಗಳ ರೋಗಿಗಳನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೋವಿಡ್ ಬಂದ ಬಳಿಕ ಸಾಧ್ಯವಾದರೆ ಏಳು ವಾರವಾದರೂ ಶಸ್ತ್ರಚಿಕಿತ್ಸೆಯನ್ನು ತಡೆಯುವುದು ಕ್ಷೇಮವೆಂದು ತೋರಿಸಿತು.

ಪುನಾರಚನೆಯ ಅತ್ಯಂತ ಮುಖ್ಯ ಹೆಜ್ಜೆಯೆಂದರೆ ತುರ್ತು ಚಿಕಿತ್ಸೆಯನ್ನೂ ಯೋಜಿತ ಚಿಕಿತ್ಸೆಯನ್ನೂ ಬೇರ್ಪಡಿಸಿದ್ದು. ಒಂದೇ ಆಸ್ಪತ್ರೆಯಲ್ಲಿ ಎರಡೂ ನಡೆದಾಗ, ಚಳಿಗಾಲದಲ್ಲಿ ತುರ್ತು ರೋಗಿಗಳು ಹೆಚ್ಚುತ್ತಿದ್ದಂತೆ ಮೊದಲೇ ದಿನ ಗೊತ್ತಾಗಿದ್ದ ಶಸ್ತ್ರಚಿಕಿತ್ಸೆ ರದ್ದಾಗುವುದು ಕೋವಿಡ್‌ಗಿಂತ ಮೊದಲೂ ಇದ್ದ ರೋಗ. ತಮ್ಮದೇ ಹಾಸಿಗೆ, ಥಿಯೇಟರ್ ಮತ್ತು ಸಿಬ್ಬಂದಿಯುಳ್ಳ ‘ಸರ್ಜಿಕಲ್ ಹಬ್’ಗಳಲ್ಲಿ ಕಣ್ಣಿನ ಪೊರೆ, ಮಂಡಿ ಮತ್ತು ಸೊಂಟದ ಕೀಲು ಬದಲಾವಣೆಯಂಥ ಚಿಕಿತ್ಸೆಗಳು ಅಡೆತಡೆಯಿಲ್ಲದೆ ಸಾಗುತ್ತವೆ. ಎಪ್ಸಮ್‌ನಲ್ಲಿ 2004ರಿಂದಲೇ ನಡೆಯುತ್ತಿದ್ದ ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸಾ ಕೇಂದ್ರ ಈ ವಿಧಾನ ಫಲಿಸುತ್ತದೆಂಬುದಕ್ಕೆ ಸಾಕ್ಷಿಯಾಗಿತ್ತು. ಅದನ್ನು ಎಲ್ಲೆಡೆ ಹರಡಲು ಮಹಾಮಾರಿಯೊಂದು ಬರಬೇಕಾಯಿತೆಂಬುದು ವಿಷಾದದ ಸಂಗತಿ.

ಹೀಗಿದ್ದೂ, ಕೋವಿಡ್‌ಗೆ ಮುನ್ನ ಸುಮಾರು 45 ಲಕ್ಷವಿದ್ದ ಆಸ್ಪತ್ರೆ ಚಿಕಿತ್ಸೆಯ ಕಾಯುವ ಪಟ್ಟಿ 2023ರ ಸೆಪ್ಟೆಂಬರ್ ವೇಳೆಗೆ 77 ಲಕ್ಷವನ್ನು ದಾಟಿತು, ಏಕೆಂದರೆ ಕಟ್ಟಡವನ್ನು ಬೇಗ ಎಬ್ಬಿಸಬಹುದಾದರೂ ನುರಿತ ದಾದಿಯರನ್ನೂ ಅರಿವಳಿಕೆ ತಜ್ಞರನ್ನೂ ತಯಾರಿಸಲು ವರ್ಷಗಳೇ ಬೇಕು. ತರಬೇತಿಯಲ್ಲಿದ್ದ ಕಿರಿಯ ಶಸ್ತ್ರವೈದ್ಯರೂ ಆ ಅವಧಿಯಲ್ಲಿ ಕೈಪಳಗಿಸಿಕೊಳ್ಳುವ ಅವಕಾಶಗಳನ್ನು ಕಳೆದುಕೊಂಡರು. ಅವರು ಮೊದಲು ಕಲಿಯುವುದು ಸರಳ ಶಸ್ತ್ರಚಿಕಿತ್ಸೆಗಳನ್ನೇ. ಅವೇ ಹಬ್‌ಗಳಿಗೆ ಹೋಗುತ್ತಿರುವುದರಿಂದ, ದಿನಕ್ಕೆ ಒಂದೆರಡು ಚಿಕಿತ್ಸೆ ಕಡಿಮೆಯಾದರೂ ಸರಿ, ಅಲ್ಲಿನ ಥಿಯೇಟರ್ ಸಮಯದಲ್ಲಿ ತರಬೇತಿಗೂ ಪಾಲು ಇರಲೇಬೇಕು.