ಸ್ಯಾಮ್‌ಸಂಗ್ ಅರೆವಾಹಕ ಕಾರ್ಮಿಕರ ಪ್ರಕರಣ

ಸ್ಯಾಮ್‌ಸಂಗ್ ಅರೆವಾಹಕ ಕಾರ್ಮಿಕರ ಪ್ರಕರಣವು ದಕ್ಷಿಣ ಕೊರಿಯಾದ ಬಹುರಾಷ್ಟ್ರೀಯ ಕಂಪನಿಯಾದ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಉದ್ಯೋಗಿಗಳ ಆರೋಗ್ಯಕ್ಕೆ ಸಂಬಂಧಿಸಿದ ದೀರ್ಘಕಾಲದ ವಿವಾದ. ಕಂಪನಿಯ ಚಿಪ್ ಮತ್ತು ಎಲ್‌ಸಿಡಿ ಕಾರ್ಖಾನೆಗಳಲ್ಲಿ ದುಡಿದ ಹಲವರಲ್ಲಿ ರಕ್ತದ ಕ್ಯಾನ್ಸರ್ ಮೊದಲಾದ ಗಂಭೀರ ಕಾಯಿಲೆಗಳು ಕಾಣಿಸಿಕೊಂಡವು. ಈ ಕಾಯಿಲೆಗಳಿಗೂ ಕೆಲಸಕ್ಕೂ ಸಂಬಂಧವಿದೆಯೇ, ಇದ್ದರೆ ಕಂಪನಿಯ ಹೊಣೆ ಎಷ್ಟು ಎಂಬುದು ವಿವಾದದ ವಿಷಯ. 2007ರಲ್ಲಿ ಒಬ್ಬ ಯುವತಿಯ ಮರಣದೊಂದಿಗೆ ಸಾರ್ವಜನಿಕರ ಗಮನಕ್ಕೆ ಬಂದ ಈ ಪ್ರಕರಣವು 2018ರ ನವೆಂಬರ್‌ನಲ್ಲಿ ಉಭಯ ಪಕ್ಷಗಳ ಒಪ್ಪಂದದೊಂದಿಗೆ ಮುಕ್ತಾಯದ ಹಂತಕ್ಕೆ ಬಂದಿತು. ಕಾರ್ಖಾನೆಯೊಳಗಿನ ಮಾಹಿತಿಯೆಲ್ಲ ಮಾಲೀಕನ ಬಳಿ ಇರುವಾಗ, ಕಾಯಿಲೆಯ ಕಾರಣವನ್ನು ಸಿದ್ಧಪಡಿಸುವ ಹೊಣೆಯನ್ನು ಕಾಯಿಲೆಬಿದ್ದವನ ಮೇಲೆ ಹೊರಿಸುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಎತ್ತಿದ್ದು ಇದರ ವಿಶೇಷ.

ಹಿನ್ನೆಲೆ

ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್ ಕಂಪನಿಯು 1969ರಲ್ಲಿ ಸ್ಥಾಪನೆಯಾಯಿತು. ಸುವೊನ್ ನಗರದಲ್ಲಿ ಇದರ ಪ್ರಧಾನ ಕಚೇರಿಯಿದೆ. ಸಮೀಪದ ಗಿಹುಂಗ್‌ನಲ್ಲಿ 1984ರಲ್ಲಿ ಕಂಪನಿಯ ಅರೆವಾಹಕ ಕಾರ್ಖಾನೆ ಕಾರ್ಯಾರಂಭ ಮಾಡಿತು. ಮುಂದಿನ ದಶಕಗಳಲ್ಲಿ ಸ್ಯಾಮ್‌ಸಂಗ್ ಸ್ಮರಣ ಚಿಪ್‌ಗಳ ತಯಾರಿಕೆಯಲ್ಲಿ ಜಗತ್ತಿನ ಅಗ್ರಸ್ಥಾನಕ್ಕೇರಿ, ಕೊರಿಯಾದ ರಫ್ತು ಆದಾಯದ ಮುಖ್ಯ ಆಧಾರಗಳಲ್ಲಿ ಒಂದಾಯಿತು. ಪ್ರೌಢಶಿಕ್ಷಣ ಮುಗಿಸಿದ, ಮುಗಿಸುತ್ತಿದ್ದ ಅನೇಕ ಹೆಣ್ಣುಮಕ್ಕಳು ಈ ಕಾರ್ಖಾನೆಗಳಲ್ಲಿ ಉದ್ಯೋಗ ಪಡೆದರು.

ಚಿಪ್ ತಯಾರಿಕೆಯಲ್ಲಿ ವೇಫರ್ ಎಂಬ ತೆಳುವಾದ ಸಿಲಿಕಾನ್ ಬಿಲ್ಲೆಯನ್ನು ಆಮ್ಲಗಳಿಂದ ಮತ್ತು ದ್ರಾವಕಗಳಿಂದ ಮತ್ತೆ ಮತ್ತೆ ತೊಳೆಯಬೇಕಾಗುತ್ತದೆ. ಬೆಳಕಿಗೆ ಪ್ರತಿಕ್ರಿಯಿಸುವ ರಾಸಾಯನಿಕಗಳ ಲೇಪನ, ವಿಷಾನಿಲಗಳ ಬಳಕೆ, ವಿಕಿರಣ ಹೊಮ್ಮಿಸುವ ಯಂತ್ರಗಳ ನಿರ್ವಹಣೆ ಇವೆಲ್ಲವೂ ಈ ಕೆಲಸದ ಭಾಗಗಳೇ. ಇದು ನಡೆಯುವ ಕೋಣೆಗೆ 'ಕ್ಲೀನ್ ರೂಮ್' ಎಂದು ಹೆಸರು. ಅಲ್ಲಿಯ ಕಾರ್ಮಿಕರು ಮೈತುಂಬ ಬಿಳಿಯ ಉಡುಪು ಧರಿಸಿರುತ್ತಾರೆ. ಮನುಷ್ಯನ ಮೈಯಿಂದ ಉದುರುವ ಧೂಳು ಚಿಪ್‌ಗಳನ್ನು ಕೆಡಿಸದಿರಲಿ ಎಂಬುದು ಆ ಉಡುಪಿನ ಮೂಲ ಉದ್ದೇಶ. ರಾಸಾಯನಿಕಗಳ ಆವಿಯಿಂದ ಕಾರ್ಮಿಕರನ್ನು ರಕ್ಷಿಸಲು ಅದನ್ನು ರೂಪಿಸಲಾಗಿಲ್ಲ.

ಹ್ವಾಂಗ್ ಯು-ಮಿ

ಸೊಕ್ಚೊ ಎಂಬ ಕಡಲತೀರದ ಊರಿನ ಹ್ವಾಂಗ್ ಯು-ಮಿ 2003ರಲ್ಲಿ ಗಿಹುಂಗ್ ಕಾರ್ಖಾನೆಗೆ ಸೇರಿದಳು. ವೇಫರ್‌ಗಳನ್ನು ರಾಸಾಯನಿಕ ದ್ರಾವಣದಲ್ಲಿ ಅದ್ದಿ ತೊಳೆಯುವುದು ಆಕೆಯ ಕೆಲಸವಾಗಿತ್ತು. 2005ರಲ್ಲಿ ಆಕೆಗೆ ತೀವ್ರ ಸ್ವರೂಪದ ರಕ್ತದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಆಕೆಯ ಜೊತೆಗೂಡಿ ಅದೇ ಕೆಲಸ ಮಾಡುತ್ತಿದ್ದ ಮತ್ತೊಬ್ಬ ಮಹಿಳೆಯೂ ಅದೇ ರೋಗಕ್ಕೆ ತುತ್ತಾಗಿ 2006ರಲ್ಲಿ ತೀರಿಕೊಂಡಳು. 2007ರ ಮಾರ್ಚ್ 6ರಂದು, ಆಸ್ಪತ್ರೆಯಿಂದ ಊರಿಗೆ ಮರಳುವ ದಾರಿಯಲ್ಲಿ, ತಂದೆಯ ಟ್ಯಾಕ್ಸಿಯಲ್ಲಿಯೇ ಯು-ಮಿ ಕೊನೆಯುಸಿರೆಳೆದಳು. ಆಗ ಆಕೆಯ ವಯಸ್ಸು 22.

ಒಟ್ಟಿಗೆ ದುಡಿದ ಇಬ್ಬರಿಗೂ ಒಂದೇ ಅಪರೂಪದ ರೋಗ ಬಂದದ್ದು ಆಕಸ್ಮಿಕವೆಂದು ತಂದೆ ಹ್ವಾಂಗ್ ಸಾಂಗ್-ಗಿ ಒಪ್ಪಲಿಲ್ಲ. ವೃತ್ತಿಯಿಂದ ಟ್ಯಾಕ್ಸಿ ಚಾಲಕರಾದ ಅವರು ಅದೇ ವರ್ಷ ಸರ್ಕಾರದ ಕಾರ್ಮಿಕ ಪರಿಹಾರ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. 2007ರ ನವೆಂಬರ್‌ನಲ್ಲಿ ಕಾರ್ಮಿಕ ಹೋರಾಟಗಾರರು, ವೈದ್ಯರು, ಕಾನೂನು ತಜ್ಞರು ಸೇರಿ 'ಬಾನೊಲ್ಲಿಮ್' ಎಂಬ ಸಂಘಟನೆಯನ್ನು ಕಟ್ಟಿದರು. ಇತರ ಕಾರ್ಮಿಕರ ಕಾಯಿಲೆಗಳ ವಿವರಗಳನ್ನು ಒಂದೊಂದಾಗಿ ಕಲೆಹಾಕಿದ್ದು ಈ ಸಂಘಟನೆಯೇ.

ನ್ಯಾಯಾಲಯದ ತೀರ್ಪುಗಳು

ಪರಿಹಾರ ಸಂಸ್ಥೆಯು 2009ರಲ್ಲಿ ಅರ್ಜಿಯನ್ನು ತಿರಸ್ಕರಿಸಿತು. ಸಂತ್ರಸ್ತರು 2010ರಲ್ಲಿ ಸೋಲ್ ಆಡಳಿತ ನ್ಯಾಯಾಲಯದ ಮೊರೆಹೊಕ್ಕರು. ಪ್ರತಿವಾದಿಯಾಗಿದ್ದುದು ಸರ್ಕಾರಿ ಸಂಸ್ಥೆಯಾದರೂ ಸ್ಯಾಮ್‌ಸಂಗ್ ಆ ಸಂಸ್ಥೆಯ ಪರವಾಗಿ ಮೊಕದ್ದಮೆಯಲ್ಲಿ ಪಾಲ್ಗೊಂಡಿತು. ಕಾರ್ಖಾನೆಯಲ್ಲಿ ಯಾವ ರಾಸಾಯನಿಕಗಳು ಯಾವ ಪ್ರಮಾಣದಲ್ಲಿ ಬಳಕೆಯಾಗುತ್ತಿದ್ದವು ಎಂಬ ವಿವರಗಳಲ್ಲಿ ಬಹುಪಾಲು 'ವ್ಯಾಪಾರ ರಹಸ್ಯ'ದ ಹೆಸರಿನಲ್ಲಿ ಕಾರ್ಮಿಕರಿಗೆ ದೊರೆಯಲಿಲ್ಲ. ಕೆಲವು ವರ್ಷಗಳಲ್ಲಿ ಉತ್ಪಾದನಾ ವಿಧಾನಗಳೂ ಯಂತ್ರಗಳೂ ಬದಲಾಗಿದ್ದುದರಿಂದ ಹಳೆಯ ಸ್ಥಿತಿಯನ್ನು ಪರೀಕ್ಷಿಸುವುದು ಕಷ್ಟವಾಯಿತು.

2011ರ ಜೂನ್‌ನಲ್ಲಿ ನ್ಯಾಯಾಲಯವು ಐದು ಪ್ರಕರಣಗಳ ಪೈಕಿ ಯು-ಮಿ ಮತ್ತು ಆಕೆಯ ಸಹೋದ್ಯೋಗಿಯ ಪ್ರಕರಣಗಳಲ್ಲಿ ಕಾರ್ಮಿಕರ ಪರವಾಗಿ ತೀರ್ಪಿತ್ತಿತು. ವೈದ್ಯಕೀಯವಾಗಿ ಕಾರಣ ಸ್ಪಷ್ಟವಾಗಿ ಸಿದ್ಧಪಡದಿದ್ದರೂ, ಅಪಾಯಕಾರಿ ವಸ್ತುಗಳ ಸಂಪರ್ಕವು ರೋಗವನ್ನು ಉಂಟುಮಾಡಿರಬಹುದು ಅಥವಾ ತ್ವರಿತಗೊಳಿಸಿರಬಹುದು ಎಂದು ಊಹಿಸಲು ಆಧಾರವಿದೆಯೆಂಬುದು ತೀರ್ಪಿನ ಸಾರ. 2014ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು.

2017ರ ಆಗಸ್ಟ್‌ನಲ್ಲಿ ಕೊರಿಯಾದ ಸರ್ವೋಚ್ಚ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸ್ಯಾಮ್‌ಸಂಗ್‌ನ ಎಲ್‌ಸಿಡಿ ಘಟಕದಲ್ಲಿ ದುಡಿದು ನರಮಂಡಲದ ಅಪರೂಪದ ಕಾಯಿಲೆಗೆ ತುತ್ತಾದ ಮಹಿಳೆಯ ಪ್ರಕರಣವದು. ಮಾಲೀಕರು ಮಾಹಿತಿ ನೀಡಲು ನಿರಾಕರಿಸಿದ್ದರಿಂದ ಅಥವಾ ಸರ್ಕಾರದ ತನಿಖೆ ಅಸಮರ್ಪಕವಾಗಿದ್ದರಿಂದ ಪುರಾವೆ ದೊರೆಯದೆ ಹೋದರೆ, ಆ ಸಂಗತಿಯನ್ನು ಕಾರ್ಮಿಕರಿಗೆ ಅನುಕೂಲವಾಗುವಂತೆ ಪರಿಗಣಿಸಬೇಕೆಂದು ನ್ಯಾಯಾಲಯ ಹೇಳಿತು.

ಕ್ಷಮೆ, ಧರಣಿ ಮತ್ತು ಒಪ್ಪಂದ

2014ರ ಫೆಬ್ರವರಿಯಲ್ಲಿ ಹ್ವಾಂಗ್ ಕುಟುಂಬದ ಕಥೆಯನ್ನಾಧರಿಸಿದ ಕೊರಿಯನ್ ಚಲನಚಿತ್ರವೊಂದು ಸಾರ್ವಜನಿಕರ ದೇಣಿಗೆಯ ನೆರವಿನಿಂದ ತೆರೆಕಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥ ಕ್ವೊನ್ ಓ-ಹ್ಯುನ್ ಸಂತ್ರಸ್ತರ ಕ್ಷಮೆ ಯಾಚಿಸಿದರು. ಪರಿಹಾರ ನೀಡುವುದಾಗಿಯೂ ಮೊಕದ್ದಮೆಗಳಿಂದ ಹಿಂದೆ ಸರಿಯುವುದಾಗಿಯೂ ತಿಳಿಸಿದರು. ಆದರೆ ಕಾಯಿಲೆಗಳಿಗೂ ಕೆಲಸಕ್ಕೂ ಸಂಬಂಧವಿದೆಯೆಂದು ಕಂಪನಿ ಒಪ್ಪಿಕೊಳ್ಳಲಿಲ್ಲ.

ನಿವೃತ್ತ ನ್ಯಾಯಮೂರ್ತಿ ಕಿಮ್ ಜಿ-ಹ್ಯುಂಗ್ ನೇತೃತ್ವದ ಮಧ್ಯಸ್ಥಿಕೆ ಸಮಿತಿಯು 2015ರ ಜುಲೈನಲ್ಲಿ, ಕಂಪನಿಯು 10,000 ಕೋಟಿ ವೊನ್ ನೀಡಿ ಸ್ವತಂತ್ರ ಸಂಸ್ಥೆಯೊಂದರ ಮೂಲಕ ಪರಿಹಾರ ವಿತರಿಸಬೇಕೆಂದು ಶಿಫಾರಸು ಮಾಡಿತು. ಸ್ವತಂತ್ರ ಸಂಸ್ಥೆಯ ಸಲಹೆಯನ್ನು ಒಪ್ಪದ ಸ್ಯಾಮ್‌ಸಂಗ್ ತನ್ನದೇ ಪರಿಹಾರ ಸಮಿತಿಯನ್ನು ರಚಿಸಿತು. ತಪ್ಪಿನ ಆರೋಪ ಹೊತ್ತವರೇ ಪರಿಹಾರದ ಅರ್ಹತೆಯನ್ನೂ ತೀರ್ಮಾನಿಸುವುದನ್ನು ವಿರೋಧಿಸಿ ಬಾನೊಲ್ಲಿಮ್ 2015ರ ಅಕ್ಟೋಬರ್ 7ರಂದು ಸೋಲ್‌ನ ಸ್ಯಾಮ್‌ಸಂಗ್ ಕಟ್ಟಡದ ಮುಂದೆ ಧರಣಿ ಆರಂಭಿಸಿತು. ಬಿಸಿಲು, ಹಿಮಗಳ ನಡುವೆ ಅದು ಸಾವಿರಕ್ಕೂ ಹೆಚ್ಚು ದಿನ ಮುಂದುವರಿದು 2018ರ ಜುಲೈನಲ್ಲಿ ಕೊನೆಗೊಂಡಿತು. ಮಧ್ಯಸ್ಥಿಕೆ ಸಮಿತಿಯ ತೀರ್ಮಾನ ಏನೇ ಇದ್ದರೂ ಒಪ್ಪುವುದಾಗಿ ಎರಡೂ ಪಕ್ಷಗಳು ಮುಂಚಿತವಾಗಿಯೇ ಸಹಿ ಹಾಕಿದ್ದವು.

2018ರ ನವೆಂಬರ್ 23ರಂದು ಒಪ್ಪಂದ ಏರ್ಪಟ್ಟಿತು. ಕಾರ್ಖಾನೆಗಳ ಆರೋಗ್ಯ ಅಪಾಯಗಳನ್ನು ಸಾಕಷ್ಟು ನಿರ್ವಹಿಸಲಿಲ್ಲವೆಂದು ಕಂಪನಿಯ ಪರವಾಗಿ ಕಿಮ್ ಕಿ-ನಾಮ್ ಕ್ಷಮೆ ಕೋರಿದರು. ಒಪ್ಪಂದದ ಮುಖ್ಯಾಂಶಗಳು ಹೀಗಿವೆ:

• 1984ರಿಂದ ಚಿಪ್ ಮತ್ತು ಎಲ್‌ಸಿಡಿ ಘಟಕಗಳಲ್ಲಿ ದುಡಿದು ನಿಗದಿತ ಕಾಯಿಲೆಗಳಿಗೆ ತುತ್ತಾದವರು ಪರಿಹಾರಕ್ಕೆ ಅರ್ಹರು. ಯೋಜನೆಯ ಅವಧಿ 2028ರವರೆಗೆ.
• ಒಬ್ಬರಿಗೆ ಗರಿಷ್ಠ 15 ಕೋಟಿ ವೊನ್ ಪರಿಹಾರ.
• ಗರ್ಭಪಾತ ಮತ್ತು ಮಕ್ಕಳಲ್ಲಿ ಹುಟ್ಟಿನಿಂದ ಬಂದ ಕೆಲವು ಕಾಯಿಲೆಗಳಿಗೂ ಪರಿಹಾರದ ಅನ್ವಯ.
• ಕಾರ್ಮಿಕರ ಸುರಕ್ಷತೆಗಾಗಿ ಕಂಪನಿಯಿಂದ 5,000 ಕೋಟಿ ವೊನ್ ನಿಧಿ.

ಮಾಹಿತಿಯ ಹಕ್ಕಿನ ಪ್ರಶ್ನೆ

ಕೊರಿಯಾದ ಸರ್ಕಾರಿ ಸುರಕ್ಷತಾ ಸಂಸ್ಥೆಯು ಆರು ಕಂಪನಿಗಳ ಸುಮಾರು 2 ಲಕ್ಷ ಅರೆವಾಹಕ ಕಾರ್ಮಿಕರ ಆರೋಗ್ಯವನ್ನು ಹತ್ತು ವರ್ಷ ಅಧ್ಯಯನ ಮಾಡಿ 2019ರಲ್ಲಿ ವರದಿ ನೀಡಿತು. ಈ ಉದ್ಯಮದ ಮಹಿಳೆಯರು ರಕ್ತದ ಕ್ಯಾನ್ಸರ್‌ನಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ 1.71 ಪಟ್ಟು ಹೆಚ್ಚೆಂದು ಅದರಲ್ಲಿ ದಾಖಲಾಗಿದೆ. ಆದರೆ ಅದೇ ವರ್ಷ ಕೈಗಾರಿಕಾ ತಂತ್ರಜ್ಞಾನ ಸಂರಕ್ಷಣೆಯ ಕಾನೂನಿಗೆ ತಿದ್ದುಪಡಿಯಾಗಿ, 'ರಾಷ್ಟ್ರೀಯ ಪ್ರಮುಖ ತಂತ್ರಜ್ಞಾನ'ಕ್ಕೆ ಸಂಬಂಧಿಸಿದ ಮಾಹಿತಿಯ ಬಹಿರಂಗಕ್ಕೆ ನಿರ್ಬಂಧ ಬಂದಿತು. ಕಾರ್ಖಾನೆಯ ಗಾಳಿಯ ಬಗೆಗಿನ ವರದಿಗಳನ್ನು ಪಡೆಯುವುದು ಇದರಿಂದ ಕಠಿಣವಾಗುತ್ತದೆಂದು ಕಾರ್ಮಿಕ ಸಂಘಟನೆಗಳು ಆಕ್ಷೇಪಿಸಿದವು.

ದಶಕಗಳ ಕಾಲ ಸ್ಯಾಮ್‌ಸಂಗ್ ಕಾರ್ಮಿಕ ಸಂಘಗಳನ್ನು ದೂರವಿಟ್ಟಿದ್ದುದರಿಂದ ಕಾರ್ಖಾನೆಯೊಳಗೆ ಪ್ರಶ್ನೆ ಕೇಳುವ ಸಂಘಟಿತ ದನಿ ಇರಲಿಲ್ಲ. 2020ರ ಮೇ ತಿಂಗಳಲ್ಲಿ ಕಂಪನಿಯ ಲೀ ಜೇ-ಯೊಂಗ್ ಈ ನೀತಿಯನ್ನು ಕೈಬಿಡುವುದಾಗಿ ಘೋಷಿಸಿದರು. ಆದಾಗ್ಯೂ 2024ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಶ್ರೀಪೆರಂಬುದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ ಸಂಘದ ಮಾನ್ಯತೆ ಮತ್ತು ವೇತನ ಹೆಚ್ಚಳ ಕೋರಿ ಒಂದು ತಿಂಗಳಿಗೂ ಮೀರಿದ ಮುಷ್ಕರ ನಡೆಯಿತು.

ಮಹತ್ವ

ರುಜುವಾತಿನ ಹೊಣೆಯನ್ನು ಮಾಲೀಕನ ಕಡೆಗೆ ತಿರುಗಿಸುವ ತತ್ತ್ವ ಭಾರತಕ್ಕೂ ಹೊಸತಲ್ಲ. 1923ರ ಕಾರ್ಮಿಕರ ಪರಿಹಾರ ಕಾಯಿದೆಯು ಕೆಲವು ವೃತ್ತಿಜನ್ಯ ರೋಗಗಳನ್ನು ಪಟ್ಟಿಮಾಡಿ, ಸಂಬಂಧಪಟ್ಟ ಉದ್ಯೋಗದಲ್ಲಿದ್ದವರಿಗೆ ಅವು ಬಂದರೆ, ಬೇರೆ ಕಾರಣ ಸಿದ್ಧಪಡದ ಹೊರತು ಕೆಲಸದಿಂದಲೇ ಬಂದವೆಂದು ಭಾವಿಸಬೇಕೆಂದಿತ್ತು. 2021ರಲ್ಲಿ ಕೇಂದ್ರ ಸರ್ಕಾರವು 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿದ ಬಳಿಕ ದೇಶದಲ್ಲಿ ಅರೆವಾಹಕ ಘಟಕಗಳ ಸ್ಥಾಪನೆಗೆ ಚಾಲನೆ ದೊರೆತಿದೆ. ಹೀಗಾಗಿ ಕೊರಿಯಾದ ಅನುಭವ ಇಲ್ಲಿಗೂ ಪ್ರಸ್ತುತವಾಗಿದೆ. ಪಟ್ಟಿಯಲ್ಲಿಲ್ಲದ ಹೊಸ ರಾಸಾಯನಿಕದಿಂದ ಹೊಸ ಕಾಯಿಲೆ ಬಂದಾಗ, ಕಾರ್ಮಿಕನು ತಾನು ಯಾವ ವಸ್ತುವನ್ನು ಮುಟ್ಟಿದೆ, ಯಾವ ಗಾಳಿಯನ್ನು ಉಸಿರಾಡಿದೆ ಎಂಬುದನ್ನು ತಿಳಿಯಲು ಸಾಧ್ಯವಾದರೆ ಮಾತ್ರ ಕಾನೂನಿನ ನೆರವು ಅವನನ್ನು ತಲಪೀತು.