ಇಳಿಜಾರಿನಲ್ಲಿ ನೊಗ ಕಳಚುವವರುಂಟೆ?
ಚಿಕ್ಕ ಕಾರಿನ ಗೇರು ಮತ್ತು ಪೆಟ್ರೋಲಿನ ಲೆಕ್ಕ

ಬೀದರ ನಗರವು ಸಮುದ್ರಮಟ್ಟದಿಂದ ಸುಮಾರು 700 ಮೀಟರು ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ನೆಲೆಗೊಂಡಿದೆ. ಕೋಟೆ ನಿಂತಿರುವುದು ಆ ಪ್ರಸ್ಥಭೂಮಿಯ ಅಂಚಿನಲ್ಲಿ. ಊರಿನ ಪೂರ್ವಕ್ಕೆ ಮೂರು ನಾಲ್ಕು ಕಿಲೋಮೀಟರು ದೂರದಲ್ಲಿ, ತಗ್ಗಿನ ಬಯಲಿನಲ್ಲಿ ಅಷ್ಟೂರವಿದೆ. ಬಹಮನಿ ಸುಲ್ತಾನರ ಗೋರಿಗಳನ್ನು, ಅದರಲ್ಲಿಯೂ 1436ರಲ್ಲಿ ತೀರಿಕೊಂಡ ಅಹಮದ್ ಶಾ ವಲಿಯ ಸಮಾಧಿಯೊಳಗಿನ ಬಣ್ಣದ ಚಿತ್ತಾರವನ್ನು ನೋಡಬಯಸುವವರು ಕೋಟೆಯ ಎತ್ತರದಿಂದ ಈ ತಗ್ಗಿಗೆ ಇಳಿಯಬೇಕು. ನೋಡಿ ಮುಗಿದ ಮೇಲೆ ಮತ್ತೆ ಏರಬೇಕು. ಮಾಂಜ್ರಾ ನದಿಯನ್ನು ದಾಟಿ ಔರಾದಕ್ಕೆ ಹೋಗುವವರಿಗೂ ಏರಿಳಿತ ತಪ್ಪಿದ್ದಲ್ಲ.

ಈ ದಾರಿಗಳಲ್ಲಿ ಇಂದು ಓಡಾಡುವ ಸಂಸಾರಗಳ ಪಾಲಿಗೆ ಚಿಕ್ಕ ಕಾರೇ ಪುಷ್ಪಕ ವಿಮಾನ. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು, ಬುತ್ತಿಯ ಡಬ್ಬಿ, ನೀರಿನ ಬಾಟಲಿಗಳು ಎಲ್ಲವೂ ಅದರಲ್ಲಿ ಹೇಗೋ ಅಡಕವಾಗುತ್ತವೆ. ಇಳಿಜಾರು ಬಂದೊಡನೆ ಕಾರು ನಡೆಸುವವರಲ್ಲಿ ಹಲವರು ಒಂದು ಜಾಣತನವನ್ನು ತೋರುವುದುಂಟು. ಗೇರಿನ ಕೋಲನ್ನು ನಡುವಿಗೆ ತಳ್ಳಿ, ಅಂದರೆ ‘ನ್ಯೂಟ್ರಲ್’ ಮಾಡಿ, ಕಾರನ್ನು ತಾನಾಗಿ ಉರುಳಲು ಬಿಡುತ್ತಾರೆ. “ಪೆಟ್ರೋಲು ಉಳಿಯುತ್ತದೆ” ಎಂಬುದು ಅವರ ಸಮರ್ಥನೆ. ಈ ಉಳಿತಾಯ ನಿಜವೆ? ನಿಜವಾದರೆ ಎಷ್ಟು? ಅದಕ್ಕಾಗಿ ನಾವು ಒತ್ತೆಯಿಡುವುದು ಏನನ್ನು? ಇದನ್ನು ಬಿಡಿಸಿ ನೋಡಬೇಕಾದರೆ ಮೊದಲು ಗೇರಿನ ಮರ್ಮವನ್ನು ಅರಿಯಬೇಕು.

ಚಕ್ರ ಒಂದು ಸುತ್ತು, ಇಂಜಿನ್ ಎಷ್ಟು ಸುತ್ತು?

ಪೆಟ್ರೋಲ್ ಇಂಜಿನ್ ಒಂದು ವಿಚಿತ್ರ ಪ್ರಾಣಿ. ವೇಗವಾಗಿ ತಿರುಗಿದಲ್ಲದೆ ಅದಕ್ಕೆ ಬಲ ಬಾರದು. ಕಾರಿನ ಚಕ್ರಕ್ಕಾದರೋ ಅಷ್ಟು ವೇಗ ಬೇಡ. ಆದುದರಿಂದ ಇವೆರಡರ ನಡುವೆ ದೊಡ್ಡ ಹಲ್ಲುಚಕ್ರ, ಸಣ್ಣ ಹಲ್ಲುಚಕ್ರಗಳ ಜೋಡಿಗಳನ್ನಿಟ್ಟು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತಾರೆ. ಕೈಯಿಂದ ಬದಲಿಸುವ ಗೇರುಪೆಟ್ಟಿಗೆಯ ಕೆಲಸವೆಲ್ಲ ಇಷ್ಟೆ.

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಕಾರನ್ನು ಕಲ್ಪಿಸಿಕೊಳ್ಳೋಣ. ಅದರ ಚಕ್ರ ಒಂದು ಸುತ್ತು ತಿರುಗಿದರೆ 1.6 ಮೀಟರು ದೂರ ಸಾಗುತ್ತದೆಂದು ಇಟ್ಟುಕೊಂಡರೆ, ಒಂದು ಕಿಲೋಮೀಟರಿಗೆ ಚಕ್ರ 625 ಸುತ್ತು ತಿರುಗಬೇಕು. ನಾಲ್ಕನೆಯ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಇಂಜಿನ್ 4 ಸುತ್ತು ತಿರುಗುವುದಾದರೆ ಕಿಲೋಮೀಟರಿಗೆ 2,500 ಸುತ್ತಾಯಿತು. ಮೊದಲನೆಯ ಗೇರಿನಲ್ಲಿ ಇದೇ ಪ್ರಮಾಣ 14 ಎಂದಾದರೆ 8,750 ಸುತ್ತು! ಐದನೆಯ ಗೇರೊಂದಿದ್ದು ಅದರ ಪ್ರಮಾಣ 3.2 ಆಗಿದ್ದರೆ ಕೇವಲ 2,000 ಸುತ್ತು.

ಬೀದರದಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರು. ಊರೊಳಗಿನ ನಿಲುಗಡೆಗಳನ್ನು ಬದಿಗಿಟ್ಟು, ಇಡೀ ದಾರಿಯನ್ನು ಮೇಲಿನ ಗೇರಿನಲ್ಲಿಯೇ ಕ್ರಮಿಸಿದೆವೆಂದು ಭಾವಿಸೋಣ. ನಾಲ್ಕನೆಯದರಲ್ಲಿ ಇಂಜಿನ್ ಮೂರೂವರೆ ಲಕ್ಷ ಸುತ್ತು ತಿರುಗಿರುತ್ತದೆ. ಐದನೆಯದರಲ್ಲಿ 2 ಲಕ್ಷ 80 ಸಾವಿರ. ಎಪ್ಪತ್ತು ಸಾವಿರ ಸುತ್ತುಗಳ ಆಯಾಸ ತಪ್ಪಿದಂತಾಯಿತು.

ಸುತ್ತು ಕಡಿಮೆಯಾದರೆ ಪೆಟ್ರೋಲೇಕೆ ಉಳಿಯಬೇಕು?

ಕಾರು ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಕೆಲಸ ಯಾವ ಗೇರಿನಲ್ಲಿದ್ದರೂ ಒಂದೇ ಅಲ್ಲವೆ, ಎಂದು ಬುದ್ಧಿವಂತ ವಾಚಕರು ಕೇಳಬಹುದು. ಮಾತು ಸರಿ. ಆದುದರಿಂದಲೇ ಸುತ್ತುಗಳು ನೂರಕ್ಕೆ ಇಪ್ಪತ್ತು ಕಡಿಮೆಯಾದರೆ ಪೆಟ್ರೋಲೂ ನೂರಕ್ಕೆ ಇಪ್ಪತ್ತು ಉಳಿಯುವುದಿಲ್ಲ. ಉಳಿಯುವುದು ಇಂಜಿನ್ ತನ್ನ ಮೇಲೆಯೇ ಮಾಡಿಕೊಳ್ಳುವ ಖರ್ಚಿನ ಒಂದು ಪಾಲು.

ಆ ಖರ್ಚು ಎರಡು ಬಗೆಯದು. ಮೊದಲನೆಯದು ಉಜ್ಜಾಟ. ಸಿಲಿಂಡರಿನಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುವಾಗ, ಬೇರಿಂಗುಗಳು ತಿರುಗುವಾಗ ಶಕ್ತಿ ವ್ಯಯವಾಗುತ್ತದೆ. ಸುತ್ತು ಹೆಚ್ಚಿದಷ್ಟೂ ಅಪವ್ಯಯ ಹೆಚ್ಚು. ಎರಡನೆಯದು ಉಸಿರಾಟದ ಕಷ್ಟ. ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಗಾಳಿ ಒಳಬರುವ ಬಾಗಿಲು ಅರೆ ತೆರೆದಿರುತ್ತದೆ. ಮೂಗನ್ನು ಹಿಡಿದುಕೊಂಡು ಓಡುವವನಂತೆ ಇಂಜಿನ್ ಏದುಸಿರಿನಿಂದ ಗಾಳಿಯನ್ನು ಎಳೆದುಕೊಳ್ಳಬೇಕಾಗುತ್ತದೆ. ಮೇಲಿನ ಗೇರಿನಲ್ಲಿ ಸುತ್ತು ಕಡಿಮೆಯಾದುದರಿಂದ ಅದೇ ಶಕ್ತಿಗಾಗಿ ಬಾಗಿಲನ್ನು ಹೆಚ್ಚು ತೆರೆಯಬೇಕು. ಇಂಜಿನ್ ಆರಾಮವಾಗಿ ಉಸಿರಾಡುತ್ತದೆ. ನಿಧಾನವಾಗಿ ತಿರುಗುತ್ತ ತುಂಬು ಉಸಿರೆಳೆಯುವ ಇಂಜಿನ್ನೇ ಮಿತವ್ಯಯದ ಇಂಜಿನ್.

ಹಾಗೆಂದು ಎಲ್ಲೆಲ್ಲೂ ಮೇಲಿನ ಗೇರೇ ಲೇಸೆಂದು ತಿಳಿಯಬಾರದು. ಅಷ್ಟೂರದಿಂದ ಬೀದರಕ್ಕೆ ಏರುವಾಗ, ಐವರು ಕುಳಿತ ಕಾರನ್ನು ಮೇಲಿನ ಗೇರಿನಲ್ಲಿಯೇ ಎಳೆಸಿದರೆ ಇಂಜಿನ್ ನಡುಗುತ್ತದೆ, ಕುಟ್ಟುತ್ತದೆ. ಅದು ಉಳಿತಾಯವಲ್ಲ, ಯಂತ್ರಕ್ಕೆ ಕೊಡುವ ಹಿಂಸೆ. ಅಲ್ಲಿ ಕೆಳಗಿನ ಗೇರಿಗೆ ಬರುವುದೇ ಸರಿ.

ನಾಲ್ಕರಿಂದ ಐದಕ್ಕೆ

ಹಾಗಾದರೆ ತಯಾರಕರು ಮೊದಲಿನಿಂದಲೇ ಐದನೆಯ ಗೇರನ್ನು ಏಕೆ ಕೊಡಲಿಲ್ಲ? ನಮ್ಮ ದೇಶದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಡರ್ ಕಾರಿಗೂ, ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಫಿಯಟ್ಟಿಗೂ ಬಹುಕಾಲ ನಾಲ್ಕೇ ಗೇರುಗಳಿದ್ದವು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು ಮಧ್ಯಮವರ್ಗದ ಕನಸನ್ನು ಮನೆಯಂಗಳಕ್ಕೆ ತಂದ ಮಾರುತಿ 800ಕ್ಕೂ ನಾಲ್ಕೇ. 796 ಘನ ಸೆಂಟಿಮೀಟರಿನ, ಮೂರು ಸಿಲಿಂಡರಿನ ಆ ಪುಟ್ಟ ಇಂಜಿನ್ನಿಗೆ ಮೀಸಲು ಬಲ ಕಡಿಮೆ. ಮೇಲಿನ ಗೇರನ್ನು ತೀರ ಸಡಿಲಗೊಳಿಸಿದರೆ ಸಣ್ಣ ಏರು ಬಂದರೂ, ಎದುರುಗಾಳಿ ಬೀಸಿದರೂ ಕಾರು ಸೊರಗುತ್ತದೆ. ಚಾಲಕನು ಮತ್ತೆ ಮತ್ತೆ ಕೆಳಗಿನ ಗೇರಿಗೆ ಇಳಿಯಬೇಕು. ಊರೊಳಗಿನ ಓಡಾಟ, ಕಿರಿದಾದ ರಸ್ತೆ, ಎತ್ತಿನ ಬಂಡಿಗಳ ಸಾಲು ಇವೇ ಹೆಚ್ಚಾಗಿದ್ದ ಕಾಲದಲ್ಲಿ ನಾಲ್ಕು ಗೇರು ಸಾಕಾಗಿತ್ತು.

ಹೆದ್ದಾರಿಗಳು ಅಗಲವಾದಂತೆ ಲೆಕ್ಕ ಬದಲಾಯಿತು. 2000ದ ಹೊತ್ತಿಗೆ ಚಿಕ್ಕ ಕಾರುಗಳಲ್ಲಿಯೂ ಐದನೆಯ ಗೇರು ಕಾಣಿಸಿಕೊಂಡಿತು. ಮಾರುತಿ 800ರ ಒಂದು ಮಾದರಿಗೂ ಅದು ಬಂದಿತು. ಆದರೆ 2009ರಲ್ಲಿ ಮಾರಾಟಕ್ಕೆ ಬಂದ ಟಾಟಾ ನ್ಯಾನೋ, 624 ಘನ ಸೆಂಟಿಮೀಟರಿನ ತನ್ನ ಕಿರಿಯ ಇಂಜಿನ್ನಿನೊಂದಿಗೆ ನಾಲ್ಕಕ್ಕೇ ನಿಂತಿತು. ಗೇರಿನ ಸಂಖ್ಯೆಯೆಂಬುದು ಬಲ, ಬೆಲೆ, ದಾರಿ ಈ ಮೂರರ ನಡುವಣ ರಾಜಿ.

ಈಗ ಹುಮನಾಬಾದದ ಮೂಲಕ ಹಾಯುವ ಪುಣೆ–ಹೈದರಾಬಾದ ಹೆದ್ದಾರಿಯಲ್ಲಿ ಐದನೆಯ ಗೇರಿಗೆ ತಕ್ಕ ದಾರಿ ಉಂಟು. ಆದರೆ ಅಲ್ಲಿ ಬೇರೊಂದು ಮೋಹ ಕಾದಿರುತ್ತದೆ. ಅದು ವೇಗದ ಮೋಹ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿಲೋಮೀಟರು ಹೋಗುತ್ತಿದ್ದವರು 100ಕ್ಕೆ ಏರಿದರೆ ತಡೆ ನೂರಕ್ಕೆ 56ರಷ್ಟು ಹೆಚ್ಚುತ್ತದೆ. 140 ಕಿಲೋಮೀಟರನ್ನು ಒಂದೇ ವೇಗದಲ್ಲಿ ಕ್ರಮಿಸಿದರೂ ಇದರಿಂದ ಉಳಿಯುವ ಸಮಯ ಇಪ್ಪತ್ತೊಂದು ನಿಮಿಷ. ಐದನೆಯ ಗೇರು ಸಂಪಾದಿಸಿಕೊಟ್ಟುದನ್ನು ಅವಸರವು ಬಡ್ಡಿಸಹಿತ ಕಳೆದುಬಿಡುತ್ತದೆ.

ನ್ಯೂಟ್ರಲ್ಲಿನ ಮಾಯೆ

ಇನ್ನು ಇಳಿಜಾರಿನ ಜಾಣತನಕ್ಕೆ ಬರೋಣ. ಹಿಂದಿನ ಕಾರ್ಬುರೇಟರ್ ಕಾರುಗಳ ಕಾಲದಲ್ಲಿ ಈ ಅಭ್ಯಾಸಕ್ಕೆ ಸ್ವಲ್ಪ ಆಧಾರವಿತ್ತೆಂಬುದನ್ನು ಒಪ್ಪಬೇಕು. ಗೇರಿನಲ್ಲಿ ಇಳಿಯುವಾಗ ಇಂಜಿನ್ ಜೋರಾಗಿ ತಿರುಗುತ್ತ, ಆಕ್ಸಿಲರೇಟರ್ ಬಿಟ್ಟಿದ್ದರೂ ಒಂದಿಷ್ಟು ಪೆಟ್ರೋಲನ್ನು ಹೀರಿಕೊಳ್ಳುತ್ತಿತ್ತು. ತಂದೆ ಮಗನಿಗೆ, ಗುರು ಶಿಷ್ಯನಿಗೆ ಹೇಳಿಕೊಟ್ಟ ಪಾಠ ಹೀಗೆ ಬೇರೂರಿತು.

ಆದರೆ ಕಾರ್ಬುರೇಟರಿನ ಸ್ಥಾನಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ ಪಾಠ ತಲೆಕೆಳಗಾಗಿದೆ. ಇಂದಿನ ಕಾರುಗಳಲ್ಲಿ ಪೆಟ್ರೋಲನ್ನು ಅಳೆದು ಚಿಮುಕಿಸುವುದು ಒಂದು ಪುಟ್ಟ ಕಂಪ್ಯೂಟರ್. ಕಾರು ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ತೆಗೆದಿದ್ದರೆ, ಉರುಳುವ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿವೆಯೆಂದು ಅದು ಅರಿತುಕೊಳ್ಳುತ್ತದೆ, ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ಆ ಹೊತ್ತಿನಲ್ಲಿ ಖರ್ಚು ಸೊನ್ನೆ. ಇಂಜಿನ್ ನಿಲ್ಲುವಷ್ಟು ನಿಧಾನವಾದಾಗ ಮತ್ತೆ ಕೊಡಲಾರಂಭಿಸುತ್ತದೆ. ನ್ಯೂಟ್ರಲ್ ಮಾಡಿದರೆ ಚಕ್ರಕ್ಕೂ ಇಂಜಿನ್ನಿಗೂ ನಂಟೇ ಹರಿದುಹೋಯಿತು. ಇಂಜಿನ್ ಆರದಂತೆ ಉಳಿಯಲು ಪೆಟ್ರೋಲನ್ನು ಉರಿಸಲೇಬೇಕು. ಉಳಿಸಲೆಂದು ಮಾಡಿದ ಕೆಲಸವೇ ಖರ್ಚಿನ ಬಾಗಿಲಾಯಿತು!

ಆ ಮೊತ್ತವೂ ಎಷ್ಟರದು? ಸುಮ್ಮನೆ ತಿರುಗುವ ಚಿಕ್ಕ ಇಂಜಿನ್ ಗಂಟೆಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲನ್ನು ಕುಡಿಯಬಹುದು. ಮೂರು ನಿಮಿಷದ ಇಳಿಜಾರಿಗೆ ಎರಡು ದೊಡ್ಡ ಚಮಚದಷ್ಟಾಯಿತು. ಹಳೆಯ ಕಾರಿನಲ್ಲಿ ಉಳಿಯುತ್ತಿದ್ದುದೂ, ಹೊಸ ಕಾರಿನಲ್ಲಿ ನಷ್ಟವಾಗುವುದೂ ಇಂಥ ಚಮಚಗಳ ಲೆಕ್ಕವೇ. ಒತ್ತೆಯಿಟ್ಟುದು ಮಾತ್ರ ಚಮಚದಲ್ಲಿ ಅಳೆಯುವಂಥದಲ್ಲ.

ಎತ್ತು ಬಲ್ಲ ವಿದ್ಯೆ

ಜೋಳದ ಚೀಲಗಳನ್ನು ಹೇರಿದ ಬಂಡಿ ದಿಣ್ಣೆಯಿಂದ ಇಳಿಯುವಾಗ ಯಾವ ರೈತನಾದರೂ ಎತ್ತುಗಳ ನೊಗವನ್ನು ಕಳಚುವನೆ? ಏರಿನಲ್ಲಿ ಎಳೆಯುವುದು ಎತ್ತಿನ ಕೆಲಸವಾದಂತೆ ಇಳಿಜಾರಿನಲ್ಲಿ ತಡೆದು ನಿಲ್ಲಿಸುವುದೂ ಅದರ ಕೆಲಸವೇ. ಕಾಲೂರಿ, ಕತ್ತು ಬಿಗಿದು, ಹೊರೆಯನ್ನು ತನ್ನ ಮೇಲೆ ತಾಳಿಕೊಂಡು ಅದು ಬಂಡಿಯನ್ನು ಕೆಳಗಿಳಿಸುತ್ತದೆ. ಗೇರಿನಲ್ಲಿರುವ ಇಂಜಿನ್ ಮಾಡುವುದೂ ಇದನ್ನೇ. ನ್ಯೂಟ್ರಲ್ ಎಂದರೆ ನೊಗ ಕಳಚಿದ ಬಂಡಿ.

ಆಗ ಇಡೀ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಸಂಸಾರಸಮೇತ ಒಂದು ಸಾವಿರ ಕಿಲೋಗ್ರಾಂ ತೂಗುವ ಕಾರು ನೂರು ಮೀಟರು ಎತ್ತರದಿಂದ ಇಳಿದರೆ, ಸುಮಾರು ಮೂರು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿಯೂ ರಸ್ತೆಯೂ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಉಳಿದುದನ್ನು ಬ್ರೇಕು ಶಾಖವಾಗಿ ನುಂಗಬೇಕು. ಉದ್ದನೆಯ ಇಳಿಜಾರಿನಲ್ಲಿ ಎಡೆಬಿಡದೆ ಒತ್ತಿದ ಬ್ರೇಕು ಕಾದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಹಠಾತ್ತನೆ ಕುರಿಮಂದೆಯೊಂದು ಅಡ್ಡ ಬಂದರೆ ತಪ್ಪಿಸಿಕೊಂಡು ಮುನ್ನುಗ್ಗಲು ಗೇರೂ ಇಲ್ಲ, ನಿಲ್ಲಲು ಬ್ರೇಕೂ ಇಲ್ಲ.

ಇನ್ನೂ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಇಂಜಿನ್ನನ್ನೇ ಆರಿಸಿಬಿಡುತ್ತಾರೆ. ಇದು ಸಾಹಸವಲ್ಲ, ಅವಿವೇಕ. ಇಂದಿನ ಕಾರುಗಳಲ್ಲಿ ಬ್ರೇಕಿನ ಪೆಡಲಿಗೆ ನೆರವಾಗುವುದು ಇಂಜಿನ್ನಿನ ಶಕ್ತಿ. ಅದು ಆರಿದ ಮೇಲೆ ಒಂದೆರಡು ಬಾರಿ ಒತ್ತುವಷ್ಟರಲ್ಲಿ ನೆರವು ಬತ್ತಿ, ಪೆಡಲು ಕಲ್ಲಿನಂತಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಕೀಲಿಯನ್ನು ಪೂರ್ತಿ ತಿರುಗಿಸಿ ತೆಗೆದರಂತೂ ಸ್ಟೇರಿಂಗಿಗೆ ಬೀಗವೇ ಬೀಳಬಹುದು.

ನೆನಪಿಡಬೇಕಾದ ನಾಲ್ಕು ಮಾತು

ಸಮತಟ್ಟಾದ ಹೆದ್ದಾರಿಯಲ್ಲಿ ಇಂಜಿನ್ ನಡುಗದೆ ಒಪ್ಪಿಕೊಳ್ಳುವ ಅತಿ ಮೇಲಿನ ಗೇರಿನಲ್ಲಿ, ಹದವಾದ ಒಂದೇ ವೇಗದಲ್ಲಿ ಸಾಗಿರಿ. ಏರಿನಲ್ಲಿ ಇಂಜಿನ್ ಬಳಲುವ ಮುನ್ನವೇ ಕೆಳಗಿನ ಗೇರಿಗೆ ಬನ್ನಿ. ಕಡಿದಾದ ಇಳಿಜಾರಿನಲ್ಲಿ, ಅದೇ ದಾರಿಯನ್ನು ಏರಲು ಬಳಸುವ ಗೇರನ್ನೇ ಇಳಿಯಲೂ ಬಳಸಿರಿ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಬ್ರೇಕನ್ನು ಬೇಕಾದಾಗ ಮಾತ್ರ ಒತ್ತಿರಿ. ತುಸುವೇ ಇಳಿಜಾರಿದ್ದರೆ ಮೇಲಿನ ಗೇರೇ ಸಾಕು. ಹೊರಡುವ ಮುನ್ನ ಟೈರಿನ ಗಾಳಿಯನ್ನು ನೋಡಿಕೊಳ್ಳಿರಿ. ಇಷ್ಟನ್ನು ಪಾಲಿಸಿದರೆ ಪೆಟ್ರೋಲು ತಾನಾಗಿ ಉಳಿಯುತ್ತದೆ.

ಮನೆಯ ಹಣವನ್ನು ಮಿತವಾಗಿ ಬಳಸುವುದು ಗುಣವೇ. ಆದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿರುವ ಅಜ್ಜಿಯೂ, ಕಿಟಕಿಗೆ ಮುಖವೊತ್ತಿ ಬಯಲಿನ ಗುಮ್ಮಟಗಳನ್ನು ಎಣಿಸುತ್ತಿರುವ ಮಕ್ಕಳೂ ಎರಡು ಚಮಚ ಪೆಟ್ರೋಲಿನೊಂದಿಗೆ ತಕ್ಕಡಿಯಲ್ಲಿ ತೂಗತಕ್ಕವರಲ್ಲ.